ಮ್ಯೂನಿಕ್‌ನಿಂದ ಅಥೆನ್ಸ್‌ಗೆ ಎರಡೂವರೆ ಗಂಟೆ

ಹಡಗಿನಲ್ಲಿ ಕೆಲಸಕ್ಕಿದ್ದ ತಮ್ಮನನ್ನು ಎದೆನೋವೆಂದು ಅಥೆನ್ಸ್‌ನ ಆಸ್ಪತ್ರೆಗೆ ಸೇರಿಸಿದ ಸುದ್ದಿ ಬಂದಾಗ ನಾನು ಗಲ್ಫ್‌ನಲ್ಲಿ, ಮೆಸಯೀದ್‌ನ ಪ್ಲಾಂಟ್‌ನಲ್ಲಿ ಡ್ಯೂಟಿಯಲ್ಲಿದ್ದೆ. ನನಗೆ ವೀಸಾ ಸಿಗಲು ವಾರಗಳೇ ಬೇಕಿತ್ತು. ಮ್ಯೂನಿಕ್‌ನಲ್ಲಿ ನರ್ಸ್ ಆಗಿರುವ ತಂಗಿಯಾದರೆ ಎರಡೂವರೆ ಗಂಟೆಯ ವಿಮಾನದಲ್ಲಿ ಅವನ ಬಳಿಗೆ ಹೋಗಬಹುದಿತ್ತು. ಆದರೆ ಅವಳು ತನ್ನಿಷ್ಟದಂತೆ ಮದುವೆಯಾದಳೆಂದು ನಾನು ಆರು ವರ್ಷದಿಂದ ಅವಳೊಂದಿಗೆ ಮಾತು ಬಿಟ್ಟಿದ್ದೆ.

ನಾಚಿಕೆ ನುಂಗಿಕೊಂಡು ಫೋನ್ ಮಾಡಿದೆ. ವಿಷಯ ಕೇಳಿದವಳೇ ಬೇರೇನೂ ಹೇಳದೆ ಫೋನಿಟ್ಟಳು. ಹೊರಟಳೋ ಇಲ್ಲವೋ ತಿಳಿಯದೆ, ಅಥೆನ್ಸ್‌ನಲ್ಲಿ ಇಳಿಯುವ ಒಂದೊಂದು ವಿಮಾನವನ್ನೂ ಮೊಬೈಲಿನಲ್ಲಿ ನೋಡುತ್ತಾ ಕುಳಿತೆ.

ಸಂಜೆ ಅವಳೇ ಫೋನ್ ಮಾಡಿದಳು. "ಅವನಿಗೆ ಪ್ರಜ್ಞೆ ಉಂಟು, ಗಂಡಾಂತರ ಕಳೆಯಿತಂತೆ. ನಾನು ಬಂದದ್ದು ಅವನಿಗೋಸ್ಕರ ಅಣ್ಣ. ನಿನ್ನ ಮೇಲೆ ಸಿಟ್ಟು ಹಾಗೇ ಉಂಟು."

"ಇರಲಿ," ಎಂದೆ. ಅಳು ಬಂತು.