ತಂಗಿಯ ಗುಟ್ಟಿಗೊಂದು ಬೀಗ

ಮನೆಯವರೆಲ್ಲ ಆಕೆಯನ್ನು ಕರೆಯುತ್ತಿದ್ದದ್ದು ಎಕ್ಸ್‌ಚೇಂಜ್ ಅತ್ತೆ ಎಂದು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಊರಿನ ಕರೆಗಳನ್ನು ಜೋಡಿಸುತ್ತಲೇ ಕೂದಲು ನರೆಸಿಕೊಂಡವರು. ಯಾರ ಮನೆಯ ಜಗಳ ಕಿವಿಗೆ ಬಿದ್ದರೂ ತುಟಿಪಿಟಕ್ಕೆಂದವರಲ್ಲ. ನಿವೃತ್ತಿಯಾದ ಮೇಲೆ ಕೈಕಟ್ಟಿ ಕೂರುವ ಜಾಯಮಾನವೂ ಅವರದಲ್ಲ. ಲೈಬ್ರರಿಯಲ್ಲಿ ಹಿರಿಯರಿಗಾಗಿ ನಡೆಸುತ್ತಿದ್ದ ಪ್ರೋಗ್ರಾಮಿಂಗ್ ತರಗತಿಗೆ ಸೇರಿಬಿಟ್ಟರು. "ಈ ವಯಸ್ಸಲ್ಲಿ ಇದೆಲ್ಲ ಯಾಕೆ?" ಎಂದ ಅಣ್ಣನಿಗೆ, "ಈ ವಯಸ್ಸಲ್ಲಲ್ಲದೆ ಇನ್ಯಾವಾಗ ಪುರುಸೊತ್ತು?" ಎಂದು ಬಾಯಿ ಮುಚ್ಚಿಸಿದರು.

ಅವರಿಗೆ ಒಬ್ಬಳೇ ತಂಗಿ. ದೂರದ ಕಂಬಳಿ ಗಿರಣಿಯೊಂದರಲ್ಲಿ ಮೇಲ್ವಿಚಾರಕಿ. ಐವತ್ತಾದರೂ ಮದುವೆಯಾಗಿರಲಿಲ್ಲ, ವಾಸ ಗಿರಣಿಯ ಹಾಸ್ಟೆಲಿನಲ್ಲಿ. ಗುಡ್ಡದ ಮರೆಯ ಆ ಕಟ್ಟಡಕ್ಕೆ ಮೊಬೈಲ್ ಸಿಗ್ನಲ್ ಎಟುಕದು. ಫೋನು ವಾರ್ಡನ್ ಮೇಜಿನ ಮೇಲೆ. ಇನ್ನು ಊಟದ ಹಾಲಿನ ಮೂಲೆಯಲ್ಲಿ ಒಂದು ಕಂಪ್ಯೂಟರು, ಎಲ್ಲರಿಗೂ ಸೇರಿ ಒಂದೇ ಇಮೇಲ್ ವಿಳಾಸ. ಹೋದದ್ದು ಬಂದದ್ದು ಎಲ್ಲರ ಕಣ್ಣಿಗೂ ಬೀಳುತ್ತಿತ್ತು.

ಒಮ್ಮೆ ರಜೆಗೆ ಬಂದವಳು, "ಅಕ್ಕ, ನಿನ್ಹತ್ರ ಒಂದು ವಿಷಯ ಹೇಳ್ಬೇಕು" ಎಂದು ಶುರುಮಾಡಿ, ಸೆರಗಿನ ಅಂಚು ಹಿಂಡಿ, "ಈಗ ಬೇಡ, ಆಮೇಲೆ ಬರೀತೀನಿ" ಎಂದಳು. ಆ ಹಾಲಿನಿಂದ ಗುಟ್ಟು ಬರೆಯುವುದು ಹೇಗೆ? ಅತ್ತೆ ತಾವು ಕಲಿತಷ್ಟರಲ್ಲೇ ಒಂದು ಪ್ರೋಗ್ರಾಂ ಬರೆದು ಪೆನ್‌ಡ್ರೈವಿಗೆ ಹಾಕಿಕೊಟ್ಟರು. ಕಾಗುಣಿತದ ಗುರುತುಗಳನ್ನು ಮುಟ್ಟದೆ, ಒತ್ತಕ್ಷರವೂ ಸೇರಿ ಪ್ರತಿ ಅಕ್ಷರವನ್ನೂ ವರ್ಣಮಾಲೆಯಲ್ಲಿ ಮೂರು ಮನೆ ಮುಂದಕ್ಕೆ ಸರಿಸುವುದು, ಅಷ್ಟೇ. ‘ಅಕ್ಕ’ ಎಂದು ಒತ್ತಿದರೆ ‘ಈಘ್ಘ’ ಎಂದು ಬಂತು. ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕರು.

ನಗು ಹೆಚ್ಚು ಕಾಲ ಉಳಿಯಲಿಲ್ಲ. ಹಾಸ್ಟೆಲಿಗೆ ಮರಳಿದ ತಂಗಿ ಮತ್ತೆ ಮತ್ತೆ ಬರೆದದ್ದು ಇಷ್ಟೇ: ಗಿರಣಿಯ ಎಲೆಕ್ಟ್ರಿಷಿಯನ್ ಮದುವೆಯಾಗೋಣವೇ ಎಂದು ಕೇಳಿದ್ದಾರೆ, ಏನು ಹೇಳಲಿ? ಮಗ್ಗದ ಹುಡುಗಿಯೊಬ್ಬಳು ಆ ಇಮೇಲುಗಳನ್ನೆಲ್ಲ ನೋಡಿದಳು. ಪ್ರತಿಯೊಂದೂ ‘ಈಘ್ಘ’ ಎಂದೇ ಶುರುವಾಗುತ್ತಿತ್ತು. ಮೇಡಂ ಬರೆಯುವುದು ಅಕ್ಕನಿಗೆ ತಾನೆ? ಒಂದು ಪದ ಸಿಕ್ಕಿದ್ದೇ ತಡ, ಉಳಿದದ್ದು ಹೊಲಿಗೆ ಬಿಚ್ಚಿದಂತೆ ಬಿಚ್ಚಿಕೊಂಡಿತು. ಮರುದಿನ ಊಟದ ಹಾಲಿನಲ್ಲಿ, "ಈಘ್ಘ ಏನಂದ್ರು ಮೇಡಂ? ಹ್ಞೂಂ ಅಂದ್ಬಿಡಿ!" ಎಂದು ಒಕ್ಕೊರಲಿನ ಕೂಗು.

ತಂಗಿ ಈ ಸಲ ಬಟಾಬಯಲಾಗಿಯೇ ಬರೆದಳು: "ಅಕ್ಕ, ನನ್ನ ಮಾನ ಹರಾಜಾಯ್ತು. ಇನ್ನು ಈ ಮಾತು ಬೇಡ."

ಅತ್ತೆಗೆ ಅನ್ನ ಸೇರಲಿಲ್ಲ. ಜೀವಮಾನವಿಡೀ ಪರರ ಗುಟ್ಟು ಕಾಯ್ದವರು, ಒಡಹುಟ್ಟಿದವಳ ಗುಟ್ಟನ್ನು ತಾವೇ ಬೀದಿಗಿಟ್ಟ ಹಾಗಾಯಿತಲ್ಲ! ಭಾನುವಾರ ಅಣ್ಣನ ಮನೆಗೆ ಹೋಗಿ, ವಿಮಾ ಕಚೇರಿಯಲ್ಲಿ ಪ್ರೋಗ್ರಾಂ ಬರೆಯುವ ಅಣ್ಣನ ಮಗಳ ಮುಂದೆ ಲ್ಯಾಪ್‌ಟಾಪ್ ಇಟ್ಟರು.

"ನಗ್ಬೇಡ ಕಣೇ. ಎಲ್ಲಿ ತಪ್ಪಿದೆ ಹೇಳು."

ಅವಳು ನಗಲಿಲ್ಲ. ಸಾಲುಸಾಲಾಗಿ ಓದಿದಳು. "ಬರವಣಿಗೆ ಅಚ್ಚುಕಟ್ಟಾಗಿದೆ ಅತ್ತೆ. ಆದ್ರೆ ನೋಡಿ, ಮೂರು ಅನ್ನೋದನ್ನ ಪ್ರೋಗ್ರಾಮಿನೊಳಗೇ ಬರೆದಿದ್ದೀರಿ. ಬೀಗ ಹಾಕಿ ಕೀಲಿಕೈನ ಅದಕ್ಕೇ ನೇತುಹಾಕಿದ ಹಾಗೆ."

"ಅಯ್ಯೋ, ಹೌದಲ್ಲ!"

"ಇನ್ನೊಂದು, ‘ಕ’ ಯಾವಾಗ್ಲೂ ‘ಘ’ನೇ ಆಗುತ್ತೆ. ಒಂದು ಸಲ ಸಿಕ್ಕಿದ್ರೆ ಎಲ್ಲಾ ಕಡೆ ಸಿಕ್ಕಿದ ಹಾಗೆ."

ಮೊದಲು ಕೀಲಿಯನ್ನು ಹೊರಗೆ ತಂದರು. ಬರೆಯುವವರೇ ಅದನ್ನು ಒತ್ತಬೇಕು. ಆಮೇಲೆ ಆ ಕೀಲಿಯ ಒಂದೊಂದು ಅಕ್ಷರಕ್ಕೆ ತಕ್ಕಂತೆ ಒಂದೊಂದು ಅಳತೆ ಸರಿಯುವ ಹಾಗೆ ಮಾಡಿದರು. ಟೈಪು ಮಾಡಿದ್ದೆಲ್ಲ ಅತ್ತೆಯೇ. ಹುಡುಗಿ ಕೀಬೋರ್ಡಿಗೆ ಕೈ ಹಾಕಲಿಲ್ಲ. ಬೀಗ ಹಾಕಿ, ತೆಗೆದು, ಮೊದಲಿನ ಮಾತೇ ಬಂತೇ ಎಂದು ಪ್ರೋಗ್ರಾಮೇ ನೋಡಿಕೊಳ್ಳುವ ಪರೀಕ್ಷೆಯನ್ನೂ ಬರೆಸಿದಳು. ಅದು ಮೊದಲ ಸಲವೇ ಮುಗ್ಗರಿಸಿತು. ಹೊಸ ಲೆಕ್ಕದಲ್ಲಿ ವರ್ಣಮಾಲೆಯ ಕೊನೆಯ ‘ಳ’ ಸರಿದು ಎಲ್ಲೋ ಮಾಯವಾಗಿತ್ತು. ಅತ್ತೆ ತಲೆ ಕೆರೆದುಕೊಂಡು, ಕೊನೆ ಮುಟ್ಟಿದರೆ ಮತ್ತೆ ಮೊದಲಿಗೆ ಸುತ್ತಿ ಬರುವ ಹಾಗೆ ತಾವೇ ತಿದ್ದಿದರು. "ಬಂತು! ‘ಳ’ ಬಂತು ಕಣೇ!"

"ಈಗ ಗಟ್ಟಿಯಾಯ್ತಾ?"

"ಕಲಿಯೋಕೆ ಇದು ಚೆನ್ನಾಗಿದೆ ಅತ್ತೆ. ಆದ್ರೆ ಪಟ್ಟು ಹಿಡಿದು ಕೂತವರು ಇದನ್ನೂ ಒಡೀತಾರೆ. ನಾನು ಬರೆದದ್ದಾದ್ರೂ ಅಷ್ಟೇ. ನಿಜವಾದ ಗುಟ್ಟಿಗೆ, ಎಷ್ಟೋ ಜನ ಒಡೆಯೋಕೆ ನೋಡಿ ಸೋತ ಬೀಗ ಇರುತ್ತೆ. ಅದನ್ನೇ ತಂದು ಹಾಕ್ಬೇಕು."

ಅತ್ತೆಯ ಮುಖ ಸಪ್ಪಗಾಯಿತು. ಇಷ್ಟು ಹೊತ್ತು ಪಟ್ಟ ಪಾಡು ನೀರಿನಲ್ಲಿ ಹೋಮವಾಯಿತೇ? ಆದರೆ ತಂಗಿಯ ಮುಂದೆ ತಮ್ಮ ಹಮ್ಮು ಯಾವ ಲೆಕ್ಕ? "ಆಯ್ತು, ಹಾಕು ಮತ್ತೆ. ಅಲ್ಲ ತಾಳು, ನಾನೇ ಹಾಕ್ತೀನಿ, ಹೇಳಿಕೊಡು" ಎಂದರು. ಅಕ್ಷರ ಸರಿಸುವ ಭಾಗವಷ್ಟೇ ಹೋಗಿ ಅಲ್ಲಿಗೆ ಆ ಬೀಗ ಬಂತು. ಕೀಲಿ ಕೇಳುವುದು, ಪರೀಕ್ಷೆ, ಪರದೆಯ ಮೇಲಿನ ಕನ್ನಡದ ಮಾತು ಎಲ್ಲ ಅವರದೇ ಉಳಿಯಿತು.

ಹೊಸ ಪೆನ್‌ಡ್ರೈವ್ ಅಂಚೆಯಲ್ಲಿ ಹೋಯಿತು. ಕೀಲಿ ಏನೆಂದು ಅತ್ತೆ ಬಿಡಿಸಿ ಹೇಳಲಿಲ್ಲ. "ಕನ್ನಡಿ ಒಡೆದಾಗ ಅಪ್ಪನಿಗೆ ನಾವು ಹೇಳಿದ ಸುಳ್ಳು. ಪೂರ್ತಿ ವಾಕ್ಯ" ಎಂದಷ್ಟೇ ಬರೆದರು.

ತಂಗಿಯ ಉತ್ತರಕ್ಕೆ ಅತ್ತೆ ಕೀಲಿ ಒತ್ತಿದರೆ, ‘ಕೀಲಿ ಸರಿಯಿಲ್ಲ’ ಎಂದಿತು ಅವರದೇ ಪ್ರೋಗ್ರಾಂ. ಮತ್ತೆ ಒತ್ತಿದರು. ಊಹೂಂ. ಆಮೇಲೆ ಹೊಳೆಯಿತು: ತಾವು ಗೂಬೆ ಕೂರಿಸಿದ್ದು ಗಾಳಿಯ ಮೇಲೆ ಎಂದುಕೊಂಡಿದ್ದರು, ತಂಗಿ ಯಾವಾಗಲೂ ಬೆಕ್ಕು ಎನ್ನುತ್ತಿದ್ದಳು. ‘ಬೆಕ್ಕು ಹಾರಿ ಬೀಳಿಸಿತು ಅಪ್ಪಾ’ ಎಂದು ಒತ್ತಿದರು. ತೆರೆಯಿತು.

ಉದ್ದದ ಪತ್ರ. ಅವರು ಒಳ್ಳೆಯವರು, ಮಾತು ಕಡಿಮೆ. ನನಗೆ ಜನ ನಗುವ ಭಯವಿಲ್ಲ ಅಕ್ಕ, ಇಷ್ಟು ವರ್ಷ ಒಬ್ಬಳೇ ಇದ್ದು ರೂಢಿಯಾದವಳಿಗೆ ಇನ್ನೊಬ್ಬರ ಜೊತೆ ಇರಲು ಬರುತ್ತದೋ ಇಲ್ಲವೋ ಎಂಬ ಭಯ. ಇದನ್ನು ಯಾರ ಮುಂದೆ ಹೇಳಲಿ?

ಅತ್ತೆ ಕಣ್ಣೊರೆಸಿಕೊಂಡು ಬರೆದರು: "ನನಗೂ ಪ್ರೋಗ್ರಾಂ ಬರೆಯೋಕೆ ಬರ್ತಿರಲಿಲ್ಲ. ತಪ್ಪಿದ ಕಡೆ ಕೂತು ತಿದ್ದೋಕೆ ಒಬ್ಬರು ಸಿಕ್ಕಿದ್ರು. ನಿನಗೂ ಸಿಕ್ಕಿದ್ದಾರೆ ಅನ್ಸುತ್ತೆ. ಅವರನ್ನ ನೋಡೋಕೆ ಬರ್ತೀನಿ."

ಆ ವಾರವೇ ಬಸ್ಸು ಹತ್ತಿದರು. ಗಿರಣಿಯ ಗೇಟಿನ ಬಳಿ ತಂಗಿ ನಿಂತಿದ್ದಳು, ಪಕ್ಕದಲ್ಲಿ ಅಂಗಿಯ ಜೇಬಿನಲ್ಲಿ ಟೆಸ್ಟರ್ ಸಿಕ್ಕಿಸಿಕೊಂಡ, ಎತ್ತರದ, ಸಂಕೋಚದ ಮನುಷ್ಯ. ಅತ್ತೆ ಇಳಿಯುವ ಮೊದಲೇ ಅವರು ಮುಂದೆ ಬಂದು ಚೀಲ ಇಸಿದುಕೊಂಡರು. ತಂಗಿ ಅಕ್ಕನ ಮುಖ ನೋಡಿ ‘ಹ್ಞೂಂ’ ಎಂಬಂತೆ ತಲೆಯಾಡಿಸಿದಳು.