ಮಾವನಿಗೆ ಕಿವಿಯಾದ ದಿನ

ಆ ಊರಿಗೆ ಜನ ಬರುವುದು ಸಂಗೀತಗಾರನೊಬ್ಬನ ಮನೆ ನೋಡಲು. ಬದುಕಿದ್ದಾಗ ಅವನ ಮುಖಕ್ಕೆ ಬಾಗಿಲು ಹಾಕಿದ ಊರು, ಸತ್ತ ಮೇಲೆ ಚಪ್ಪಲಿ ಅಂಗಡಿಗೂ ಅವನದೇ ಹೆಸರಿಟ್ಟು ಮೆರೆಯುತ್ತಿದೆ. ನಾನು ಹೋದದ್ದು ಮಾತ್ರ ಸೋದರಮಾವನಿಗೆ ಕಿವಿಯಾಗಲು.

ಆ ಮನೆಯಲ್ಲಿರುವ ಅವನ ಪಿಯಾನೋವನ್ನು ಇಪ್ಪತ್ತಾರು ವರ್ಷದಿಂದ ಶ್ರುತಿ ಮಾಡುತ್ತಿದ್ದವರು ಮಾವ. ಸ್ವಂತ ಮಕ್ಕಳನ್ನೂ ಅಷ್ಟು ಮುದ್ದು ಮಾಡಿದವರಲ್ಲ. ನಾಲ್ಕು ವರ್ಷದಿಂದ ತೀರ ಮೇಲಿನ ಸ್ವರಗಳು ಅವರಿಗೆ ಕೇಳಿಸುತ್ತಿರಲಿಲ್ಲ. ಗುಟ್ಟು ಗೊತ್ತಿದ್ದದ್ದು ಅತ್ತೆಗೊಬ್ಬರಿಗೇ. ತಿಂಗಳಿಗೊಮ್ಮೆ ಅತ್ತೆ ಟಿಕೆಟ್ ಕೊಂಡು, ಯಾರೋ ಪ್ರವಾಸಿಯ ಹಾಗೆ ಬೆಂಚಿನ ಮೇಲೆ ಪುಸ್ತಕ ಹಿಡಿದು ಕೂರುವರು. ಮಾವ ಓರೆಗಣ್ಣಲ್ಲಿ ನೋಡುತ್ತಾ ತಂತಿ ಬಿಗಿಯುವರು. ಸ್ವರ ಕೂಡಿದೊಡನೆ ಅತ್ತೆ ಪುಸ್ತಕ ಮುಚ್ಚುವರು.

ಈ ಸಲ ಅತ್ತೆ ಕಾಲು ಮುರಿದುಕೊಂಡು ಮಲಗಿದ್ದರು. ಶಾಲೆಯಲ್ಲಿ ಹಾಡು ಕಲಿಸುವ ನನ್ನನ್ನು ಕರೆಸಿದರು.

"ಹಳೇ ತಂತಿ ಕಣೇ. ಒಂಚೂರು ಹೆಚ್ಚಾದ್ರೂ ಕಿತ್ತುಹೋಗುತ್ತೆ. ಅಂಥದ್ದು ಮತ್ತೆ ಸಿಗಲ್ಲ. ಮೈಯೆಲ್ಲ ಕಿವಿಯಾಗಿರು," ಎಂದು ಹತ್ತು ಸಲ ಹೇಳಿ ಕಳಿಸಿದರು.

ಹಾಳಾದ್ದು, ಅವತ್ತೇ ಆ ಮನೆಯ ಮೇಲ್ವಿಚಾರಕಿ, ಅದನ್ನು ನಡೆಸುವ ಟ್ರಸ್ಟಿನ ಇಬ್ಬರು ಹಿರಿಯರನ್ನು ಕರೆತಂದಿದ್ದಳು. ನಾನು ಅತ್ತೆಯ ಬೆಂಚಿನ ಮೇಲೆ ಪುಸ್ತಕ ತೆರೆದು ಕೂತೆ. ಮೇಲಿನ ಸ್ವರಗಳ ಎರಡು ತಂತಿ ಸರಾಗವಾಗಿ ಆದವು. ಮೂರನೆಯದನ್ನು ಬಿಗಿಯುವಾಗ ಮೂವರೂ ಬಂದು ನನ್ನೆದುರೇ ನಿಂತರು.

ಸ್ವರ ಕೂಡಿತು. ಪುಸ್ತಕ ಮುಚ್ಚಿದೆ. ಮಾವನಿಗೆ ಕಾಣಲಿಲ್ಲ. ಕೈ ನಿಲ್ಲಿಸಿದರೆ ಅನುಮಾನ ಬಂದೀತೆಂದು ಅವರು ಬಿಗಿಯುತ್ತಲೇ ಹೋದರು. ನಾನು ಕೆಮ್ಮಿದೆ, ಪಕ್ಕಕ್ಕೆ ಸರಿದೆ. ಹಿರಿಯರೊಬ್ಬರು ಸೌಜನ್ಯಕ್ಕೆಂದು ತಾವೂ ಅದೇ ಪಕ್ಕಕ್ಕೆ ಸರಿದರು. ತಂತಿ ಕಿರುಗುಟ್ಟತೊಡಗಿತು.

"ಮಾವ, ಸಾಕು! ನಿಲ್ಸಿ!"

ಎಲ್ಲರೂ ನನ್ನನ್ನು ನೋಡಿದರು, ಆಮೇಲೆ ಮಾವನನ್ನು.

"ನಿಮಗೆ ಕೇಳಿಸ್ತಿರ್ಲಿಲ್ವಾ?" ಹಿರಿಯರೊಬ್ಬರು ಕೇಳಿದರು.

"ಇಲ್ಲ," ಎಂದರು ಮಾವ.

ಮೇಲ್ವಿಚಾರಕಿ ನನ್ನ ಪಕ್ಕ ಬಗ್ಗಿ ಪಿಸುಗುಟ್ಟಿದಳು: "ನಿಮ್ಮ ಅತ್ತೆಗೆ ಹುಷಾರಿಲ್ವಾ? ತಿಂಗಳು ತಿಂಗಳು ಬಂದು ಅದೇ ಪುಟ ಓದೋರನ್ನ ನಾನು ಗುರುತಿಸಲ್ಲ ಅಂದ್ಕೊಂಡ್ರಾ? ಇವರ ಮುಂದೆ ಕೂಗಿಬಿಟ್ರಲ್ಲ. ಇನ್ನು ನನ್ನ ಕೈಲೇನೂ ಇಲ್ಲ."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮಾವನ ಅನ್ನಕ್ಕೆ ನಾನೇ ಕಲ್ಲು ಹಾಕಿದ್ದೆ.

ಮಾವ ಪೂರ್ತಿ ನನ್ನ ಕಡೆ ತಿರುಗಿ ಕೂತರು. ಓರೆಗಣ್ಣಿನ ಅಗತ್ಯ ಇನ್ನಿರಲಿಲ್ಲ.

"ತಂತಿ ಉಳೀತಾ?"

"ಉಳೀತು. ಸ್ವಲ್ಪ ಇಳಿಸ್ಬೇಕು ಮಾವ."

ಇಳಿಸಿದರು. "ಈಗ?"

"ಈಗ ಸರಿ."

"ಬಾ, ಹತ್ರ ಕೂತ್ಕೋ," ಎಂದರು. "ಇನ್ನೂ ನಾಲ್ಕು ಇವೆ."