ಪಿಳ್ಳಪ್ಪನ ಕಾಯಿಲ್ ಬೇಟೆ
ದೊಡ್ಡನೆಕ್ಕುಂದಿಯ ಮನೆ ಮಾಲೀಕ ಪಿಳ್ಳಪ್ಪ ಬಾಡಿಗೆದಾರರು ಬಲ್ಬು ಕೇಳಿದರೆ ಕಿವುಡ. ಪಕ್ಕದ ಎಸ್‌ಟಿಡಿ ಬೂತಿಗೆ ಹಳೇ ಜಾವಾ ಬೈಕಿನ ಸುದ್ದಿ ಫೋನಲ್ಲಿ ಬಂದರೆ ಮೈಯೆಲ್ಲ ಕಿವಿ. ತನ್ನ ಜಾವಾಗೆ ಕಿಡಿ ಕೊಡುವ ಕಾಯಿಲ್ ಹುಡುಕಿಕೊಂಡು ಭಾನುವಾರ ಬಂತೆಂದರೆ ಪೀಣ್ಯದ ಗುಜರಿ ಅಂಗಡಿಗಳಿಗೆ ಹೋಗುತ್ತಾನೆ. ಕಾಯಿಲ್ ಒಂದನ್ನೇ ಬಿಚ್ಚಿ ಕೊಡುವುದಿಲ್ಲವೆಂದರೆ ಇಡೀ ಗಾಡಿಯನ್ನೇ ಹೇರಿಸಿಕೊಂಡು ಬರುತ್ತಾನೆ. ಬಂದು ನೋಡಿದರೆ ಅದರ ಕಾಯಿಲೂ ಸತ್ತಿರುತ್ತದೆ. ಅಂಗಳದ ತುಂಬ ಓಡದ ಗಾಡಿಗಳು, ಅವುಗಳ ಮೇಲೆ ಹೆಂಡತಿ ಮುನಿಯಮ್ಮ ಒಣಹಾಕಿದ ಸೀರೆಗಳು. ಹೋದ ವಾರ ಕೊನೆಗೂ ಸರಿಯಾದ ಕಾಯಿಲ್ ಸಿಕ್ಕಿ ಜಾವಾ ಗುಡುಗಿತು. ಅದೇ ಸಂಜೆ ಸರ್ಜಾಪುರದ ಫ್ಯಾಕ್ಟರಿ ಕೆಲಸಗಾರನೊಬ್ಬ ಮನೆಗೆ ಹೋಗುವ ದಾರಿಯಲ್ಲಿ ಕಾಯಿಲ್ ಸುಟ್ಟುಹೋದ ಜಾವಾ ತಳ್ಳಿಕೊಂಡು, ಅಂಗಳದ ಗಾಡಿಗಳನ್ನು ಕಂಡು ಬಾಗಿಲ ಮುಂದೆ ನಿಂತ. ಪಿಳ್ಳಪ್ಪ ತನ್ನ ಜಾವಾದ ಕಾಯಿಲ್ ಬಿಚ್ಚಿ ಅವನ ಗಾಡಿಗೆ ಕೂರಿಸಿದ. “ಮತ್ತೆ ನಮ್ದು?” ಎಂದಳು ಮುನಿಯಮ್ಮ. “ಅವ್ನು ಮನೆ ಸೇರ್ಬೇಕಲ್ಲಮ್ಮಿ. ನಮ್ದು ಮನೇಲೇ ಐತಲ್ಲ.”